ಡ್ರೋನ್ ಏಳುವ ಮೊದಲು ಹೊಲ ಹೊಗುವಾಕೆ

ಶಂಕರಪಲ್ಲಿ ರಸ್ತೆಯ ಪಕ್ಕದ ಮೆಕ್ಕೆಜೋಳದ ಹೊಲದಲ್ಲಿ ಇನ್ನೂ ಮಬ್ಬುಗತ್ತಲು. ಆಳೆತ್ತರದ ಬೆಳೆಯೊಳಗೆ ಶಾರದಾಬಾಯಿ ಒಬ್ಬರೇ ನಡೆಯುತ್ತಿದ್ದಾರೆ, ಕೈಯಲ್ಲಿ ಕೆಂಪು ಬಾವುಟ. ಆಗಾಗ ನಿಂತು, ಒಳಗಿದ್ದವರು ಹೊರಗೆ ಬರಲೆಂದು ತೆಲುಗಿನಲ್ಲಿ ಕೂಗುತ್ತಾರೆ: "ಎವರೈನಾ ಉನ್ನಾರಾ? ಬಯಟಿಕಿ ರಂಡಿ." ಎಲೆ ಅಲ್ಲಾಡಿದರೆ ಅಲ್ಲೇ ನಿಲ್ಲುತ್ತಾರೆ. ಕಾಡುಹಂದಿ ಇರಬಹುದು. ಹಂದಿಗೆಂದು ಯಾರೋ ಕದ್ದು ಎಳೆದ ಕರೆಂಟಿನ ತಂತಿಯೂ ಇರಬಹುದು.

ಬದುವಿನ ಮೇಲೆ ಹುಳ ಕೊಲ್ಲುವ ಔಷಧಿ ತುಂಬಿಕೊಂಡ ಡ್ರೋನ್ ಕಾಯುತ್ತಿದೆ. ಕೃಷಿಯನ್ನು ಡಿಜಿಟಲ್ ಮಾಡುವ ಸರ್ಕಾರದ ಯೋಜನೆಯಲ್ಲಿ ಹೈದರಾಬಾದಿನ ಸುತ್ತಲ ಹಳ್ಳಿಗಳಿಗೆ ಬರುವ ಯಂತ್ರ ಇದು. ಹಾರಿಸುವವನು ಮೈಸೂರಿನ ಹುಡುಗ ಮನೋಜ. ಹೊಲದಲ್ಲಿ ಮನುಷ್ಯರಿಲ್ಲವೆಂದು ನೋಡಿ ಬರುವುದು ಶಾರದಾಬಾಯಿಯ ಕೆಲಸ.

ಲಿಂಗಸುಗೂರು ಕಡೆಯ ಇವರು ಮಗಳು ಸ್ನೇಹಲತಾಳೊಂದಿಗೆ ಹೈದರಾಬಾದಿನ ಮಣಿಕೊಂಡದಲ್ಲಿದ್ದಾರೆ. ಮೊದಲು ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಮಾಡುತ್ತಿದ್ದರು. "ಹೊಲದಾಗ ನಡಿಯೂದು ಅಷ್ಟ ಅಲ್ಲೇನ್ರಿ ಅಂತ ಒಪ್ಕೊಂಡೆ. ಇಷ್ಟು ಅಂಜಿಕಿ ಇರತೈತಿ ಅಂತ ಯಾರೂ ಹೇಳಿರಲಿಲ್ಲ" ಎನ್ನುತ್ತಾರೆ.

ಕಳೆದ ಮಳೆಗಾಲದಲ್ಲಿ ಹೀಗೇ ಒಂದು ಹೊಲ ಸುತ್ತಿ ಬಂದು, ಒಳಗೆ ಯಾರೂ ಇಲ್ಲವೆಂದು ಕೈ ಎತ್ತಿ ತೋರಿಸಿದರು. ಡ್ರೋನ್ ಹಾರಿತು. ಯಾರೂ ಒಳಗೆ ಹೋಗಬಾರದೆಂಬ ಮೆಸೇಜು ಹಿಂದಿನ ದಿನವೇ ಹೊಲದೊಡೆಯನ ಫೋನಿಗೆ ಹೋಗಿತ್ತು. ಹುಲ್ಲು ಕೊಯ್ಯುವ ಯಾದಮ್ಮನ ಬಳಿ ಫೋನಿಲ್ಲ. ಆಕೆಗೆ ಕಿವಿಯೂ ಕೇಳಿಸುವುದಿಲ್ಲ. ಶಾರದಾಬಾಯಿ ಹೊರಬಂದ ಮೇಲೆ ಆ ಮುದುಕಿ ಹಿಂದಿನ ಬದುವಿನಿಂದ ಒಳಹೊಕ್ಕಿದ್ದಳು.

ಸಾಲುಗಳ ನಡುವೆ ಸೆರಗಿನ ಅಂಚು ಕಂಡಾಗ ಡ್ರೋನ್ ಅದೇ ಕಡೆ ಹೊರಳುತ್ತಿತ್ತು. ಶಾರದಾಬಾಯಿ ಬಾವುಟ ಬೀಸುತ್ತ ಒಳಗೆ ಓಡಿದರು. "ಕಾಲಾಗ ತಂತಿ ಐತೇನಂತ ನೋಡಾಕೂ ಹೊತ್ತಿರಲಿಲ್ರಿ. ಅಕಿನ್ನ ಕೆಳಗ ಕೆಡವಿ, ಮಾರಿ ಮ್ಯಾಲೆ ನನ್ನ ಸೆರಗು ಹಾಕಿದೆ. ಔಷಧ ನನ್ನ ಕಣ್ಣಾಗ ಬಿತ್ತು."

ಮನೋಜ ಬಾವುಟ ಕಂಡು ಸಿಂಪಡಣೆ ನಿಲ್ಲಿಸಿದ. "ಪರದೆ ಮೇಲೆ ಬರೀ ಹಸಿರು ಕಾಣ್ತಿತ್ತು ಸರ್" ಎನ್ನುತ್ತಾನೆ.

ಯಾದಮ್ಮನಿಗೆ ಏನೂ ಆಗಲಿಲ್ಲ. ಶಾರದಾಬಾಯಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯಲ್ಲಿ ಮಲಗಿದರು. "ಪಟ್ಟಿ ಬಿಚ್ಚುವಾಗ ಜೀವ ಬಾಯಿಗೆ ಬಂದಿತ್ತು. ಮಗಳ ಮಾರಿ ಕಂಡಿತು, ಅತ್ತುಬಿಟ್ಟೆ."

ಕೆಲಸ ಬಿಡೆಂದು ಮಗಳು ಹಟ ಹಿಡಿದಳು. ಇವರು ಬಿಡಲಿಲ್ಲ. "ನಾ ಬಿಟ್ರ, ಒಳಗ ನೋಡದನ ಹಾರಿಸಿಬಿಟ್ರ ಏನು ಗತಿ? ಮನ್ಯಾಗ ಕುಂತ್ರ ಆ ಅಂಜಿಕಿ ಇನ್ನೂ ಭಾಳ." ಈಗ ಹಿಂದಿನ ಸಂಜೆಯೇ ಕೂಲಿಯವರ ಗುಡಿಸಲುಗಳಿಗೆ ಹೋಗಿ, ನಾಳೆ ಯಾವ ಹೊಲವೆಂದು ಹೇಳಿ ಬರುತ್ತಾರೆ. ಯಾದಮ್ಮನಿಗೆ ಕೈಸನ್ನೆಯಲ್ಲಿ.

ಸಂಬಳ ಹೆಚ್ಚಿಸಲು ಕೇಳಿದ್ದೀರಾ ಎಂದೆ. ಇಲ್ಲವೆಂದು ತಲೆಯಾಡಿಸಿದರು.

"ನನ್ನ ಜೋಡಿ ಇನ್ನೊಬ್ಬಾಕಿನ್ನ ಕೊಡ್ರಿ ಅಂತ ಆಫೀಸಿನ ಸಾಹೇಬ್ರಿಗೆ ಕೇಳೀನಿ. ನೋಡೋಣ ಅಂದಾರ. ನಾ ಈ ಬದಿಗೆ ನಡಿಯುವಾಗ, ಆ ಬದಿಗೆ ಯಾರು ನೋಡ್ತಾರ್ರಿ?"