ಬ್ಯಾಂಡ್ ಮಾಸ್ತರರು ಅಕ್ಕನಿಗೆ ಕೊಟ್ಟದ್ದು

ಬರೆದು ಅಭ್ಯಾಸವಿಲ್ಲದವನು ನಾನು. ಸಂಗೀತದ ಪರಿಭಾಷೆಯೂ ತಿಳಿಯದು. ತಪ್ಪು ಕಂಡಲ್ಲಿ ಓದುಗರು ಮನ್ನಿಸಬೇಕು. ಮೊನ್ನೆ ಸೊಸೆ ಹಿತ್ತಾಳೆಯ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಆ ಹುಳಿವಾಸನೆಗೆ ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಹಿತ್ತಲು ಕಣ್ಣೆದುರು ಬಂದಿತು... ಬೇಲಿಯ ಆಚೆ ಬ್ಯಾಂಡ್ ಮಾಸ್ತರರ ಅಂಗಳ. ಮದುವೆಯ ಹಿಂದಿನ ದಿನ ಅಲ್ಲಿ ತುತ್ತೂರಿಗಳೆಲ್ಲ ಹುಣಸೆಹಣ್ಣು ಬಳಿದುಕೊಂಡು ಬಿಸಿಲಿಗೆ ಮಲಗಿರುತ್ತಿದ್ದವು.

ಐವತ್ತರ ದಶಕದ ಕೊನೆಯ ಮಾತಿದು. ಮಾಸ್ತರರು ಮದುವೆಗಳಲ್ಲಿ ಕ್ಲಾರಿನೆಟ್ ಊದುತ್ತಿದ್ದ ಮುಸಲ್ಮಾನರು. ನಮ್ಮದು ಲಿಂಗಾಯತರ ಮನೆ. ಅಪ್ಪನದು ದಿನಸಿ ಅಂಗಡಿ. ಮಾಸ್ತರರ ಹೆಂಡತಿಯೊಡನೆ ಕುಳಿತು ಬ್ಯಾಂಡಿನವರ ಕೋಟುಗಳಿಗೆ ಜರಿಪಟ್ಟಿ ಹೊಲಿಯಲು ಅಕ್ಕ ಹೋಗುತ್ತಿದ್ದಳು, ಅವಳ ಬೆನ್ನಿಗೆ ನಾನು. ಕೇರಿಯ ಮಕ್ಕಳೂ ಅಲ್ಲಿ ನೆರೆಯುತ್ತಿದ್ದರು. ಮಾಸ್ತರರು ಯಾರಿಗೂ ಮೊದಲೇ ಸ್ವರ ಹೇಳಿಕೊಟ್ಟವರಲ್ಲ. ಅಂದು ಕಿವಿಗೆ ಬಿದ್ದ ಯಾವುದಾದರೊಂದು ಸದ್ದನ್ನು ವಾದ್ಯದಲ್ಲಿ ಹುಡುಕಲು ಹೇಳುತ್ತಿದ್ದರು. ಒಬ್ಬ ಹುಡುಗ ದಿನಗಟ್ಟಲೆ ಎತ್ತಿನಗಾಡಿಯ ಕೀರಲು ಸದ್ದನ್ನೇ ಹುಡುಕಿದ್ದ.

"ನೀನೇನ್ ಕೇಳ್ದೆ ಬೇಟಿ ಇವತ್ತು?" ಎಂದು ಒಮ್ಮೆ ಅಕ್ಕನನ್ನು ಕೇಳಿದರು.

"ನಮ್ಮವ್ವ ಕರ್ದಿದ್ದು."

"ಹುಡ್ಕು ಹಾಗಾದ್ರೆ."

ಅಕ್ಕ ಕೈಚಾಚಿದಾಗ ಅವರೇ ತಡೆದರು. ಬಾಯಿಗಿಟ್ಟು ಊದುವ ಕರಿಯ ತುಂಡನ್ನು ಕ್ಲಾರಿನೆಟ್ಟಿನಿಂದ ಕಳಚಿ, ಒಳಗಿನಿಂದ ಹೊಸದೊಂದನ್ನು ತಂದು ಜೋಡಿಸಿದರು. "ಇದು ನಿಂದೇ. ನಮ್ಮ ಎಂಜಲು ನಿಂಗೆ ತಾಗಬಾರ್ದು. ನಿಮ್ಮನೇಲೇ ಇಟ್ಕೋ."

ಅಕ್ಕ ಊದಿದಳು. ಕಟ್ಟಿದ್ದ ಮೇಕೆ ಹಗ್ಗ ಜಗ್ಗಿ ಹಾರಿತು.

"ನಿಮ್ಮವ್ವ ಹಿಂಗೆ ಕರೆದ್ರೆ ನೀವ್ಯಾರೂ ಮನೆಗೇ ಹೋಗಲ್ಲ ಬಿಡು!" ಎಂದು ಮಾಸ್ತರರು ನಕ್ಕರು. "ಇನ್ನೊಂದ್ಸಲ ಊದು."

ಕೆಲವು ತಿಂಗಳಲ್ಲಿ ಅವ್ವನ ಕರೆ ಅವಳಿಗೆ ಸಿಕ್ಕಿತು. ಮನೆಯಲ್ಲಿ ಬಾಯಿಬಿಟ್ಟು ಮಾತನಾಡದ ಅಕ್ಕ ಆ ಅಂಗಳದಲ್ಲಿ ಬೇರೆ ಯಾರೋ ಆಗಿಬಿಡುತ್ತಿದ್ದಳು...

ಒಂದು ದಿನ ಅವಳ ಪೆಟ್ಟಿಗೆಯಲ್ಲಿ ಆ ಕರಿಯ ತುಂಡು ಅಪ್ಪನ ಕೈಗೆ ಸಿಕ್ಕಿತು.

"ಏನೇ ಇದು?"

"ಕ್ಲಾರಿನೆಟ್ಟಿಂದು ಅಪ್ಪಾ. ಎಂಜಲಾಗ್ಬಾರ್ದು ಅಂತ ಮಾಸ್ತರು ನಂಗೇ ಬೇರೆ ಕೊಟ್ಟಿದ್ದು."

"ಬಾಯಿಗಿಟ್ಟಿದೀಯಾ ಹಾಗಾದ್ರೆ!"

ನಮ್ಮ ಆಚಾರ ಕೆಡದಿರಲೆಂದು ಅವರು ಕೊಟ್ಟದ್ದೇ ಅವಳ ವಿರುದ್ಧ ಸಾಕ್ಷಿಯಾಯಿತು.

ಆ ಬೇಸಿಗೆಯಲ್ಲೇ ಶಿವಮೊಗ್ಗದ ಸವಳಂಗ ರಸ್ತೆಯ ಮನೆಯೊಂದಕ್ಕೆ ಅಕ್ಕನನ್ನು ಕೊಟ್ಟರು. ಗಂಡಿನ ಕಡೆಯವರು ಏನೂ ತಿಳಿಯದೆ ಮಾಸ್ತರರ ಬ್ಯಾಂಡನ್ನೇ ಗೊತ್ತುಮಾಡಿದ್ದರು. ಬೇಡವೆಂದರೆ ಬೀಗರಿಗೆ ಕಾರಣ ಹೇಳಬೇಕಾಗುತ್ತಿತ್ತು, ಅಪ್ಪ ಒಪ್ಪಿಕೊಂಡರು. ಮಾಸ್ತರರು ಜನ ಕೇಳಿದ ಸಿನಿಮಾ ಹಾಡುಗಳನ್ನೇ ಊದಿದರು. ಅಕ್ಕನ ಕಡೆ ಒಮ್ಮೆಯೂ ನೋಡಲಿಲ್ಲ. ಬಾಸಿಂಗ ಕಟ್ಟಿಕೊಂಡು ತಲೆತಗ್ಗಿಸಿ ಕುಳಿತಿದ್ದ ಅಕ್ಕ ಮಾತ್ರ, ಅವರು ಉಸಿರೆಳೆದಲ್ಲೆಲ್ಲ ತಾನೂ ಉಸಿರೆಳೆಯುತ್ತಿದ್ದಳು. ಸೆರಗಿನಡಿಯಲ್ಲಿ ಅವಳ ಬೆರಳುಗಳು ಆಡುತ್ತಿದ್ದವು. ಪಕ್ಕದಲ್ಲಿದ್ದ ನನಗೆ ಅದು ಕಾಣುತ್ತಿತ್ತು...

ಮದುವೆಯ ಬಳಿಕ ಅಪ್ಪ ಬೇಲಿ ಕಿತ್ತು ಗೋಡೆ ಹಾಕಿಸಿದರು. ನಾನು ಅಕ್ಕನ ಮನೆಯಲ್ಲಿದ್ದುಕೊಂಡು ಕಾಲೇಜು ಓದಿ, ನಮ್ಮ ಮನೆತನದ ಮೊದಲ ಪದವೀಧರನಾದೆ. ಅಷ್ಟು ವರ್ಷ ನನಗೆ ಅನ್ನವಿಕ್ಕಿದ ಅಕ್ಕ ಒಂದು ದಿನ ಗುನುಗಿದ್ದನ್ನೂ ನಾನು ಕೇಳಲಿಲ್ಲ. ಮಾಸ್ತರರು ತೀರಿಕೊಂಡ ಸುದ್ದಿ, ಗೋಡೆಯಾಚೆಯ ಸುದ್ದಿ, ಮಣ್ಣು ಮಾಡಿದ ಮೇಲೆ ನಮ್ಮ ಮನೆಯನ್ನು ತಲುಪಿತು. ಈಗ ಅಕ್ಕನೂ ಇಲ್ಲ. ಅವಳ ನಂತರ ನಮ್ಮ ಮನೆಯ ಯಾವ ಮಗುವಿಗೂ ವಾದ್ಯ ಕಲಿಸಲಿಲ್ಲ. ನನ್ನ ಮಕ್ಕಳಿಗೆ ಬರುವುದಿಲ್ಲ, ಮೊಮ್ಮಕ್ಕಳಿಗೂ ಬರುವುದಿಲ್ಲ.