ಶಾಲೆ ಮಲಗುವ ಹೊತ್ತು

ಮಧ್ಯಾಹ್ನ ಊಟವಾದ ಮೇಲೆ ನಮ್ಮ ಶಾಲೆ ಮಲಗುತ್ತದೆ. ಪಾಠ ಬಿಟ್ಟು ಮಕ್ಕಳನ್ನು ಮಲಗಿಸುವುದು ಎಂತ ಶಾಲೆ ಎಂದು ಕೇಳುವವರು ಬಹಳ ಮಂದಿ. ಅವರಿಗೆ ನನ್ನದು ಒಂದೇ ಉತ್ತರ: ಕಲ್ಲಿನ ಕೋರೆಯ ಪಕ್ಕ, ತಗಡಿನ ಶೆಡ್ಡಿನಲ್ಲಿ ಒಂದು ರಾತ್ರಿ ಮಲಗಿ ಬನ್ನಿ, ಆಮೇಲೆ ಮಾತಾಡುವ.

ಕುಕ್ಕುಂದೂರಿನ ಅಂಚಿನಲ್ಲಿರುವ ಈ ಹಳೇ ಮನೆ ಗಲ್ಫಿನಲ್ಲಿರುವ ಶಿರ್ವದ ಕುಟುಂಬವೊಂದರದ್ದು. ಬಾಡಿಗೆ ಕೇಳದೆ ಬಿಟ್ಟುಕೊಟ್ಟಿದ್ದಾರೆ. ಅಕ್ಕಿ, ಪುಸ್ತಕ, ಟೀಚರಾದ ನನ್ನ ಸಂಬಳ ಎಲ್ಲ ಉಡುಪಿ, ಮಣಿಪಾಲದ ದಾನಿಗಳ ಪುಣ್ಯ. ಮಕ್ಕಳು ಘಟ್ಟದ ಮೇಲಿಂದ ಕೋರೆ ಕೆಲಸಕ್ಕೆ ಬಂದವರ ಮಕ್ಕಳು. ನಮ್ಮ ಕುಚ್ಚಲಕ್ಕಿ ಗಂಜಿ ನೋಡಿ ಮೊದಮೊದಲು ಮುಖ ಸಿಂಡರಿಸಿದವರೇ ಈಗ ಬಟ್ಟಲು ನೆಕ್ಕಿ, ಕಾವಿ ನೆಲದ ಮೇಲೆ ಸಾಲಾಗಿ ಒರಗುತ್ತಾರೆ. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಅಲ್ವಾ. ಮಾಡಿನ ಗಾಜಿನ ಹಂಚಿನಿಂದ ಇಳಿದ ಬಿಸಿಲು ಒಬ್ಬರ ಕೆನ್ನೆಯಿಂದ ಇನ್ನೊಬ್ಬರ ಕೆನ್ನೆಗೆ ಮೆಲ್ಲಗೆ ಸರಿಯುತ್ತದೆ. ಯಾರೋ ನಿದ್ದೆಯಲ್ಲೇ ನಗುತ್ತಾರೆ. ಆ ಹೊತ್ತಿನಲ್ಲಿ ಮನೆಯೇ ಉಸಿರಾಡುತ್ತಿದೆಯೋ ಅನ್ನಿಸುತ್ತದೆ. ಎಷ್ಟೋ ಸಲ ಪೊರಕೆ ಕೈಯಲ್ಲಿ ಹಿಡಿದುಕೊಂಡೇ ನಾನು ಹಾಗೆ ನಿಂತುಬಿಟ್ಟದ್ದುಂಟು.

ಮಲಗದವಳು ಒಬ್ಬಳೇ. ಒಂಬತ್ತು ವರ್ಷದ ಹುಡುಗಿ, ಸೊಂಟದ ಮೇಲೆ ಸದಾ ತಂಗಿ. ತಾಯಿ ಲಾರಿಗೆ ಕಲ್ಲು ತುಂಬುವಾಗ ಆ ಮಗು ಅಂಬೆಗಾಲಿಡುತ್ತಾ ಕೋರೆಯ ಗುಂಡಿಯ ಅಂಚಿಗೆ ಹೋಗಿತ್ತಂತೆ. ಇವಳು ಓಡಿಹೋಗಿ ಅಂಗಿ ಹಿಡಿದು ಎಳೆದಳಂತೆ. ಅಂದಿನಿಂದ ತಾಯಿಯನ್ನು ಬಿಟ್ಟು ಬೇರೆಯವರ ಕೈಗೆ ತಂಗಿಯನ್ನು ಕೊಟ್ಟವಳಲ್ಲ. ಎಲ್ಲರೂ ಮಲಗಿದಾಗ ಇವಳು ಗೋಡೆಗೊರಗಿ, ನಿದ್ದೆಗೆಟ್ಟ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದಳು. "ಕೊಡು ಮಾರಾಯ್ತಿ, ನಾನು ನೋಡಿಕೊಳ್ತೇನೆ" ಎಂದು ಕೈ ಚಾಚಿದರೆ ತಲೆ ಅಲ್ಲಾಡಿಸುವಳು. ಒಂದು ದಿನ ನೀರಿನ ನಳ್ಳಿಯ ಹತ್ತಿರ ತಲೆ ತಿರುಗಿ ಬಿದ್ದಳು. ಬೀಳುವಾಗಲೂ ಮಗುವನ್ನು ಅವುಚಿಕೊಂಡೇ ಇದ್ದಳು. ಅವಳ ತಾಯಿ ಬಂದು, "ಸಾಲಿಗೆ ಬಂದು ಸೊರಗಾಕತ್ತಾಳ್ರಿ. ಹಿಂಗ ಆದ್ರ ಶೆಡ್ಡಿನಾಗ ಇರ್ಲಿ, ಕೂಸು ನೋಡ್ಕೊಂತ" ಎಂದಳು. ಹಾಗೆ ಶೆಡ್ಡಿಗೆ ಹೋದವರು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ.

ಅದೇ ವಾರ ಮಣಿಪಾಲದಿಂದ ದಾನಿಯೊಬ್ಬರು ಬಂದರು. ವಯಸ್ಸಾದ ಹೆಂಗಸು. ಸಂಜೆ ಬರುತ್ತೇನೆ ಎಂದವರು ನಡು ಮಧ್ಯಾಹ್ನವೇ ಬಂದಿಳಿದರು. "ಮಕ್ಕಳನ್ನು ಎಬ್ಬಿಸಿ, ಅಮ್ಮನಿಗೆ ನೋಡ್ಲಿಕ್ಕುಂಟು" ಎಂದ ಅವರ ಡ್ರೈವರ್. ನನ್ನ ನಾಲಿಗೆ ಗೊತ್ತಲ್ಲ, ಸುಮ್ಮನಿರುವ ಜಾತಿಯದ್ದಲ್ಲ. "ಮಲಗಿದ ಮಕ್ಕಳನ್ನು ಎಬ್ಬಿಸುವ ಕ್ರಮ ಇಲ್ಲಿಲ್ಲ. ನೋಡ್ಲಿಕ್ಕಾದರೆ ಮಲಗಿದವರೂ ಮಕ್ಕಳೇ" ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು, ಮುಂದಿನ ತಿಂಗಳ ಅಕ್ಕಿ ಅವರದ್ದೇ. ಆ ಅಮ್ಮ ಮಾತ್ರ ಚಪ್ಪಲಿ ಕಳಚಿಟ್ಟು, "ಎಬ್ಬಿಸುವುದು ಬೇಡ" ಎಂದು ಪಿಸುಗುಟ್ಟಿ, ಮಕ್ಕಳ ನಡುವೆ ನೆಲದ ಮೇಲೆಯೇ ಕೂತರು.

ನಾನು ಚಾ ಮಾಡಲು ಒಳಗೆ ಹೋದೆ. ಲೋಟ ಹಿಡಿದು ಬಂದರೆ, ಮಗು ಆ ಅಮ್ಮನ ಮಡಿಲಲ್ಲಿ. ಹುಡುಗಿ ಅವರ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಬಾಯಿ ತೆರೆದು ಮಲಗಿದ್ದಾಳೆ. "ಸ್ವಲ್ಪ ಹಿಡ್ಕೋರಿ ಅಂತ ಕೊಟ್ಟಳು" ಎಂದರು ಅಮ್ಮ, ತುಟಿ ಮಾತ್ರ ಅಲ್ಲಾಡಿಸುತ್ತಾ. ಚಾ ಆರಿತು. ಸಂಜೆಯವರೆಗೆ ಅವರು ಕಾಲು ಮಡಚಿ ಕೂತಲ್ಲಿಂದ ಕದಲಲಿಲ್ಲ.

ನನಗೆ ಸಂತೋಷವಾಯಿತೆ? ಆಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ಇಷ್ಟು ದಿನ ಗಂಜಿ ಬಡಿಸಿ, ತಲೆ ಬಾಚಿ, ಅಕ್ಷರ ತಿದ್ದಿಸಿದವಳು ನಾನು. ಗುರುತು ಪರಿಚಯ ಇಲ್ಲದವರಿಗೆ ತಂಗಿಯನ್ನು ಕೊಟ್ಟಳಲ್ಲ.

ಮರುದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಅವಳು ಸಹಜವಾಗಿ ಹೇಳಿದಳು: "ಆ ಅಮ್ಮಾರು ಸುಮ್ನ ಕುಂತಿದ್ರರೀ. ನಿಮಗ ಯಾವಾಗ್ಲೂ ಕೆಲಸ ಇರ್ತೈತಿ. ಕೂಸು ಗುಂಡಿ ಕಡೆ ಹೋದಾಗ ಅವ್ವಗೂ ಕೆಲಸ ಇತ್ತು."



ಅಂದು ಊಟವಾದ ಮೇಲೆ ಪಾತ್ರೆಗಳನ್ನು ಹಾಗೆಯೇ ಬಿಟ್ಟೆ. ಫೋನನ್ನು ಅಡುಗೆಮನೆಯಲ್ಲಿಟ್ಟೆ, ಅದು ಬಡಕೊಳ್ಳುತ್ತಲೇ ಇತ್ತು. ಗೋಡೆಗೊರಗಿ ಕಾಲು ಚಾಚಿ ಕೂತೆ. ಸುಮ್ಮನೆ ಕೂರುವುದು ಎಷ್ಟು ಕಷ್ಟ ಗೊತ್ತುಂಟಾ? ಕೈ ತಾನಾಗಿ ನೆಲದ ಕಸ ಹೆಕ್ಕಲು ಹೋಗುತ್ತಿತ್ತು. ಅವಳು ದೂರದಿಂದ ನೋಡುತ್ತಲೇ ಇದ್ದಳು. ಸುತ್ತಲಿನ ಉಸಿರುಗಳಿಗೆ ನನ್ನ ಕಣ್ಣೂ ಭಾರವಾಗತೊಡಗಿದಾಗ, ಹತ್ತಿರ ಬಂದು ನಿಂತಳು.

"ಇವತ್ತ ಕೆಲಸ ಇಲ್ಲೇನ್ರಿ, ಟೀಚರ್?"

"ಇಲ್ಲ ಮಾರಾಯ್ತಿ. ಎಂತ ಕೆಲಸವೂ ಇಲ್ಲ."

ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ಎರಡು ಕೈಗಳನ್ನೂ ನೋಡಿದಳು. ಆಮೇಲೆ ತಂಗಿಯನ್ನು ಇಳಿಸಿ, ನನ್ನ ಮಡಿಲಲ್ಲಿ ಕೂರಿಸಿದಳು.