ಗಟ್ಟಿಗಿತ್ತಿಯ ಬೆನ್ನುಮೂಳೆ

ಮೂಳೆ ವಾರ್ಡಿನಲ್ಲಿ ಯಾರೇ ಮೊಂಡು ಹಿಡಿಯಲಿ, "ಗಟ್ಟಿಗಿತ್ತೀನ ಕರೀರಿ" ಎನ್ನುವುದು ವಾಡಿಕೆ. ಇಪ್ಪತ್ತೆಂಟು ವರ್ಷದಿಂದ ಆಕೆಯದು ಅಲ್ಲಿ ಆಯಾ ಕೆಲಸ. ಆಪರೇಷನ್ ಆದವರನ್ನು ಮಂಚದಿಂದ ಎಬ್ಬಿಸಿ ನಿಲ್ಲಿಸಿ, ಮೊದಲ ಹೆಜ್ಜೆ ಹಾಕಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಗಂಡ ತೀರಿಕೊಂಡು, ಮಗಳು ಮದುವೆಯಾಗಿ ಹೋದ ಮೇಲಂತೂ ವಾರ್ಡೇ ಅವಳ ಸಂಸಾರ.

ಬಾಯಿಯೋ, ಕೇಳಲೇಬೇಡಿ! "ಬಿಸಿಲಿಗೆ ಹೋಗ್ರಪ್ಪ, ಹಾಲು-ಮೊಸರು ತಿನ್ನಿ, ದಿನಾ ನಡೀರಿ. ಕೂತಲ್ಲೇ ಕೂತ್ರೆ ಮೂಳೆ ಟೊಳ್ಳಾಗುತ್ತೆ" ಎಂದು ಬಂದವರಿಗೆಲ್ಲ ಉಪದೇಶ. ತಾನು ಮಾತ್ರ ಬೆಳಿಗ್ಗೆ ಒಂದು ಲೋಟ ಟೀ, ಒಂದು ಬನ್ನು. ಕತ್ತಲೆ ಬಿಡುವ ಮುಂಚೆ ವಾರ್ಡಿಗೆ ಬಂದರೆ ಕತ್ತಲೆಯಾದ ಮೇಲೆ ಹೊರಗೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಕಳೆದ ತಿಂಗಳು ಒದ್ದೆ ಬಟ್ಟೆಯ ಬಕೆಟ್ ಎತ್ತುವಾಗ ಬೆನ್ನು ಚಳಕ್ ಎಂದಿತು. ಯಾರಿಗೂ ಸುಳಿವು ಸಿಗಬಾರದೆಂದು ಬೇರೆ ಬಡಾವಣೆಯ ಡಾಕ್ಟರ ಬಳಿ ಹೋದಳು. ಅವರು ಎಕ್ಸ್‌ರೇ ತೆಗೆಸಿ, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಬೆನ್ನುಮೂಳೆಯ ಎರಡು ಮಣಿ ಕುಸಿದಿವೆ ತಾಯಿ. ಮೂಳೆಯೆಲ್ಲ ಸವೆದಿದೆ. ಔಷಧಿ ಕೊಡ್ತೀನಿ, ವ್ಯಾಯಾಮ ಕಲೀಬೇಕು. ಭಾರ ಎತ್ತೋ ಕೆಲಸ ಇವತ್ತಿಗೇ ನಿಲ್ಲಿಸಿ" ಎಂದರು. ಅವಳು ತಲೆಯಾಡಿಸಿ ಬಂದು, ರಿಪೋರ್ಟನ್ನು ಬೀರುವಿನಲ್ಲಿ ಬಟ್ಟೆಯ ಅಡಿಗೆ ತುರುಕಿ, ಮರುದಿನ ಎಂದಿನಂತೆ ಕೆಲಸಕ್ಕೆ ಹಾಜರು. ಹೇಳಿದರೆ ನೆಲಮಾಳಿಗೆಯ ಬಟ್ಟೆ ಕೋಣೆಗೆ ಕಳಿಸುತ್ತಾರೆ, ಹಗಲೆಲ್ಲ ಬೆಡ್‌ಶೀಟ್ ಮಡಿಸಿಕೊಂಡು ಬಿದ್ದಿರಬೇಕು. ಅಲ್ಲಿ ಯಾರಿಗೆ ಬೇಕು ಗಟ್ಟಿಗಿತ್ತಿ?

ಹೀಗಿರುವಾಗ ವಾರ್ಡಿಗೆ ಬೇಕರಿ ಯಜಮಾನರು ಬಂದರು. ತೊಂಬತ್ತೆರಡು ಕಿಲೋ ಆಸಾಮಿ. ಬಾತ್‌ರೂಮಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ನಾಗಿ ಮೂರು ದಿನವಾಗಿತ್ತು. ನಿಲ್ಲಿಸಲು ಹೋದವರನ್ನೆಲ್ಲ ಬೈದು ಓಡಿಸಿದ್ದರು. "ಇವತ್ತೂ ಏಳಲಿಲ್ಲ ಅಂದ್ರೆ ಕಾಲಿನ ಶಕ್ತಿ ಹೋಗುತ್ತೆ, ಎದೆಯಲ್ಲಿ ಕಫ ಕಟ್ಟುತ್ತೆ. ಆಮೇಲೆ ಮಂಚವೇ ಗತಿ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಹೋದರು. ಗಟ್ಟಿಗಿತ್ತಿಗೆ ಕರೆ ಬಂತು.

ಅಷ್ಟು ತೂಕದವರನ್ನು ಇಬ್ಬರು ಸೇರಿ, ಹಿಡಿದುಕೊಳ್ಳಲು ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ, ಮುಂದೆ ವಾಕರ್ ಇಟ್ಟು ನಿಲ್ಲಿಸಬೇಕೆಂಬುದು ವಾರ್ಡಿನ ನಿಯಮ. ಚಿಕ್ಕ ನರ್ಸು ಬೆಲ್ಟ್ ತಂದಳು. "ನನ್ನ ಕೈಯೇ ಬೆಲ್ಟು, ನೀನು ಹೋಗಮ್ಮ" ಎಂದು ಗಟ್ಟಿಗಿತ್ತಿ ಅವಳನ್ನು ಸಾಗಹಾಕಿದಳು. ನೋಡಿದವರು ಜಂಬ ಅಂದುಕೊಂಡಾರು. ಜಂಬವೂ ಅಲ್ಲ, ಮಣ್ಣೂ ಅಲ್ಲ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ತನ್ನ ನೋವು ಕಣ್ಣಿಗೆ ಬೀಳುತ್ತದೆಂಬ ಹೆದರಿಕೆ.

"ಬೀಳಿಸಿದ್ರೆ ನಿನ್ನ ಸುಮ್ನೆ ಬಿಡಲ್ಲ" ಎಂದರು ಯಜಮಾನರು.

"ಇಷ್ಟು ವರ್ಷದಲ್ಲಿ ಒಬ್ರನ್ನೂ ಬೀಳಿಸಿಲ್ಲ. ಪಾದ ಊರಿ, ಮುಂದಕ್ಕೆ ಬಾಗಿ, ಹಾಂ, ಏಳಿ!"

ಎದ್ದರು. ವಾಕರ್ ಹಿಡಿದು ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು ಹೆಜ್ಜೆ. ಮಂಚ ಹಿಂದೆ ಉಳಿಯಿತು. ನಾಲ್ಕನೆಯ ಹೆಜ್ಜೆಗೆ ಕಾಲು ಥರಥರ ನಡುಗಿ, ಯಜಮಾನರು ವಾಕರ್ ಬಿಟ್ಟು ಎರಡೂ ಕೈಗಳಿಂದ ಅವಳ ಕುತ್ತಿಗೆಗೆ ಜೋತುಬಿದ್ದರು.

ಕಾದ ಸಲಾಕೆ ಇಟ್ಟಂತೆ ಬೆನ್ನು ಉರಿಯಿತು. ಅವಳ ಕಣ್ಣು ಕತ್ತಲಿಟ್ಟಿತು. ಮಂಚ ಕೈಗೆಟುಕದು, ಕುರ್ಚಿ ಗೋಡೆಯ ಪಕ್ಕ, ಕರೆಗಂಟೆ ಮಂಚದ ಆಚೆ ಬದಿ. ಬಿಟ್ಟರೆ ಆ ಮನುಷ್ಯನ ಸೊಂಟ ಇನ್ನೊಮ್ಮೆ ಮುರಿಯುತ್ತದೆ. ಹಿಡಿದರೆ ತನ್ನ ಬೆನ್ನು ಉಳಿಯುವುದಿಲ್ಲ. ಕೂಗಿ ಕರೆಯೋಣವೆಂದರೆ ಉಸಿರೇ ಇಲ್ಲ.

"ಹಿಡ್ಕೋ, ಹಿಡ್ಕೋ ನನ್ನ!" ಎಂದು ಯಜಮಾನರು ಇನ್ನಷ್ಟು ಭಾರ ಬಿಟ್ಟರು.

"ಯಜಮಾನ್ರೇ," ಎಂದಳು ಅವಳು, ಅವರಿಗಷ್ಟೇ ಕೇಳುವ ದನಿಯಲ್ಲಿ. "ನನ್ನ ಬೆನ್ನುಮೂಳೆ ಎರಡು ಕಡೆ ಕುಸಿದಿದೆ. ನಿಮ್ಮನ್ನ ಹೊರೋಕೆ ನನ್ನ ಕೈಲಾಗಲ್ಲ. ಹೀಗೇ ಜೋತುಬಿದ್ರೆ ಇಬ್ರೂ ಮುರೀತೀವಿ."

"ಏನಂದೆ?"

"ನಿಜ ಹೇಳ್ತಿದ್ದೀನಿ. ನಿಮ್ಮ ಕಾಲಲ್ಲಿ ಶಕ್ತಿ ಇದೆ. ನನ್ನಲ್ಲಿ ಇಲ್ಲ."

ಯಜಮಾನರು ಅವಳ ಮುಖ ನೋಡಿದರು. ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿ ಬಿಳಿಚಿತ್ತು. "ಅಯ್ಯೋ ಪುಣ್ಯಾತ್ಗಿತ್ತಿ, ಇದನ್ನ ಮೊದಲೇ ಬೊಗಳಬಾರದಾ!" ಎಂದು ಒಂದು ಕೈ ತೆಗೆದು ವಾಕರಿನ ಮೇಲಿಟ್ಟರು. ಆಮೇಲೆ ಇನ್ನೊಂದು. ಹಲ್ಲು ಕಚ್ಚಿ ಕಾಲು ನೆಟ್ಟಗೆ ಮಾಡಿದರು. "ನಾನು ನಿಂತಿದ್ದೀನಿ. ನೀನು ಗೋಡೆ ಹಿಡ್ಕೋ. ಯಾರಿದ್ದೀರ್ರೋ ಅಲ್ಲಿ! ಈಕೆ ಬೀಳ್ತಾಳೆ, ಬನ್ರೋ!"

ವಾರ್ಡಿನ ಉಸ್ತುವಾರಿಯ ದೊಡ್ಡ ನರ್ಸಮ್ಮ ಓಡಿ ಬಂದಳು, ಹಿಂದೆಯೇ ಚಿಕ್ಕವಳು. ಇಬ್ಬರನ್ನೂ ಎರಡು ಕುರ್ಚಿಗಳಲ್ಲಿ ಕೂರಿಸಿದ ಮೇಲೆ ವಿಷಯವೆಲ್ಲ ಹೊರಬಿತ್ತು. ದೊಡ್ಡ ನರ್ಸಮ್ಮನ ಮುಖ ಕೆಂಪಗಾಯಿತು.

"ತಿಂಗಳಿಂದ ಮುಚ್ಚಿಟ್ಟಿದ್ದೀಯಾ? ಅವರು ಬಿದ್ದಿದ್ರೆ? ನೀನು ಬಿದ್ದಿದ್ರೆ? ಇವತ್ತಿಂದ ಯಾರನ್ನೂ ಮುಟ್ಟಬೇಡ."

ಬೈಗುಳ ನ್ಯಾಯವಾದದ್ದೇ. ಗಟ್ಟಿಗಿತ್ತಿ ಮುಖ ಮುಚ್ಚಿಕೊಂಡು ಅತ್ತಳು. "ಹಾಗಾದ್ರೆ ನಾನಿನ್ನು ಯಾತಕ್ಕೂ ಬಾರದವಳು ಅಮ್ಮ."

"ಯಾತಕ್ಕೂ ಬಾರದವಳಾ?" ಬೇಕರಿ ಯಜಮಾನರು ಏದುಸಿರು ಬಿಡುತ್ತಲೇ ಸಿಡುಕಿದರು. "ಎರಡು ದಿನದಿಂದ ಎಲ್ರೂ ನನ್ನ ಎತ್ತೋಕೆ ಬಂದ್ರು, ನಾನು ಏಳಲಿಲ್ಲ. ಇವಳು ಎತ್ತೋಕಾಗಲ್ಲ ಅಂದ್ಲು, ಆಗ ನಿಂತೆ."

ದೊಡ್ಡ ನರ್ಸಮ್ಮ ಗಟ್ಟಿಗಿತ್ತಿಯ ಕಡೆ ತಿರುಗಿದಳು. "ಮುಂದಿನದನ್ನ ಡಾಕ್ಟರು ಹೇಳ್ತಾರೆ. ಈಗ ಕೆಳಗೆ ಹೋಗಿ ಬೆನ್ನು ತೋರಿಸು, ನಡಿ."

ಅಭ್ಯಾಸಬಲದಿಂದ ಗಟ್ಟಿಗಿತ್ತಿ ಎದ್ದುಬಿಡಲು ನೋಡಿದಳು. ಬೆನ್ನು ಬಿಡಲಿಲ್ಲ. ಇನ್ನೊಮ್ಮೆ ಏಳಲು ಹೋಗಿ ಕುಸಿದು ಕೂತಳು. ಕಣ್ಣೊರೆಸಿಕೊಂಡು, ಬಾಗಿಲ ಬಳಿ ನಿಂತಿದ್ದ ಚಿಕ್ಕ ನರ್ಸಿನ ಕಡೆ ಕೈ ಚಾಚಿದಳು.

"ಸ್ವಲ್ಪ ಹಿಡ್ಕೊಳಮ್ಮ," ಎಂದಳು, "ನನ್ನ ಕೈಲಿ ಏಳೋಕಾಗ್ತಿಲ್ಲ."